ದೆಹಲಿಯಿಂದ ಕುಮಾರಪರ್ವತಕ್ಕೆ: ಹೊರಡುವ ಮುನ್ನ ತಿಳಿದಿರಬೇಕಾದ್ದು

ದೆಹಲಿ, ನೊಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿರುವ ಕನ್ನಡಿಗರು ರಜೆಯಲ್ಲಿ ಊರಿಗೆ ಹೊರಟಾಗ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿಬರುವುದು ಹಳೆಯ ರೂಢಿ. ಈಗ ಅದರ ಜೊತೆಗೆ ಇನ್ನೊಂದು ಆಸೆಯೂ ಸೇರಿಕೊಂಡಿದೆ. ದೇವಸ್ಥಾನದ ಹಿಂದೆ ಮೋಡದೊಳಗೆ ನಿಂತಿರುವ ಕುಮಾರಪರ್ವತವನ್ನೂ ಹತ್ತಬೇಕು ಎನ್ನುವವರು ಹೆಚ್ಚಿದ್ದಾರೆ. ಕೆಲವರಿಗೆ ಅದು ಹರಕೆ, ಕೆಲವರಿಗೆ ಚಾರಣ, ಬಹಳ ಮಂದಿಗೆ ಎರಡೂ ಹೌದು.

ತೊಡಕು ಶುರುವಾಗುವುದು ಯೋಜನೆ ಹಾಕುವಾಗ. ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಕೂತು ರೈಲು, ರಜೆ, ಅನುಮತಿ, ಹವೆ ಎಲ್ಲವನ್ನೂ ಹೊಂದಿಸಬೇಕು. ಇದಕ್ಕಿಂತ ದೊಡ್ಡ ತೊಡಕು ಮನಸ್ಸಿನಲ್ಲಿರುತ್ತದೆ. ದೆಹಲಿಯವರಿಗೆ ಹಿಮಾಲಯ ಹತ್ತಿರ. ತ್ರಿಯುಂಡ್, ಕೇದಾರಕಂಠ ಹತ್ತಿಬಂದವರಿಗೆ 1,712 ಮೀಟರ್ ಎಂಬ ಸಂಖ್ಯೆ ಲೆಕ್ಕಕ್ಕೇ ಬರುವುದಿಲ್ಲ. ಅರ್ಧ ದಿನದಲ್ಲಿ ಮುಗಿಸಿ ಸಂಜೆಯ ಪೂಜೆಗೆ ಬಂದುಬಿಡುತ್ತೇವೆ ಎಂದುಕೊಂಡು ಹೊರಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಖಾಲಿ ಬಾಟಲಿ ಹಿಡಿದು ಬಂಡೆಯ ಮೇಲೆ ಕೂತುಬಿಡುತ್ತಾರೆ. ಹಾಗಾಗದಂತೆ ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದು ಈ ಬರಹದ ವಿಷಯ.

ಬೆಟ್ಟದ ಪರಿಚಯ

ಕುಮಾರಪರ್ವತಕ್ಕೆ ಪುಷ್ಪಗಿರಿ ಎಂಬ ಹೆಸರೂ ಇದೆ. ದಕ್ಷಿಣ ಕನ್ನಡ, ಕೊಡಗು, ಹಾಸನ ಜಿಲ್ಲೆಗಳು ಕೂಡುವ ಕಡೆ ಇದು ಎದ್ದು ನಿಂತಿದೆ. ಎತ್ತರದಲ್ಲಿ ಕೊಡಗಿನ ತಡಿಯಂಡಮೋಳ್‌ಗಿಂತ ಸ್ವಲ್ಪವೇ ಕಡಿಮೆ. ಶಿಖರದ ಸುತ್ತಲಿನ ಪುಷ್ಪಗಿರಿ ವನ್ಯಜೀವಿಧಾಮವು ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ ತಾಣಗಳಲ್ಲಿ ಒಂದು.

ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿ ಈ ಪರ್ವತಕ್ಕೆ ಬಂದು ತನ್ನ ಶಕ್ತ್ಯಾಯುಧವನ್ನು ಇಲ್ಲಿನ ಹೊಳೆಯಲ್ಲಿ ತೊಳೆದನೆಂದೂ, ಇಂದ್ರನ ಮಗಳು ದೇವಸೇನೆಯನ್ನು ಇಲ್ಲೇ ವರಿಸಿದನೆಂದೂ ಕ್ಷೇತ್ರದ ಕಥೆ ಹೇಳುತ್ತದೆ. ಆ ಹೊಳೆಯೇ ಕುಮಾರಧಾರೆ. ಇದೇ ಬೆಟ್ಟಸಾಲಿನಲ್ಲಿ ಹುಟ್ಟಿ, ಕುಕ್ಕೆಯನ್ನು ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಶಿಖರದ ಮೇಲೆ ಕಲ್ಲಿನ ಪುಟ್ಟ ಗುಡಿಯೂ ಕುಮಾರಸ್ವಾಮಿಯ ಪಾದಗಳೂ ಇವೆ.

ಸಣ್ಣ ಸಂಖ್ಯೆ, ದೊಡ್ಡ ಏರಿಕೆ

ಬೆಟ್ಟದ ಕಷ್ಟವನ್ನು ಅಳೆಯಬೇಕಾದದ್ದು ಶಿಖರದ ಎತ್ತರದಿಂದ ಅಲ್ಲ, ನೀವು ಹತ್ತಬೇಕಾದ ಎತ್ತರದಿಂದ. ಕುಕ್ಕೆ ಕ್ಷೇತ್ರ ಇರುವುದು ಸಮುದ್ರಮಟ್ಟದಿಂದ ನೂರು, ನೂರೈವತ್ತು ಮೀಟರ್ ಎತ್ತರದಲ್ಲಿ. ಅಲ್ಲಿಂದ 1,712 ಮೀಟರ್‌ವರೆಗೆ ಏರಬೇಕೆಂದರೆ ಹತ್ತಿರ ಹತ್ತಿರ 1,600 ಮೀಟರ್ ಏರಿಕೆ. ಗೌರಿಕುಂಡದಿಂದ ಕೇದಾರನಾಥಕ್ಕೆ ನಡೆದು ಹೋಗುವವರು ಏರುವುದೂ ಸುಮಾರು ಅಷ್ಟೇ. ದೆಹಲಿಯ ಲೆಕ್ಕದಲ್ಲಿ ಹೇಳಬೇಕೆಂದರೆ ಇಪ್ಪತ್ತೆರಡು ಕುತುಬ್ ಮಿನಾರ್‌ಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಕೇದಾರದ ದಾರಿಯಲ್ಲಿ ಕಲ್ಲು ಹಾಸಿದ ಹಾದಿ, ಚಹಾದಂಗಡಿ, ಕುದುರೆ, ಡೋಲಿ ಎಲ್ಲ ಇವೆ. ಇಲ್ಲಿ ನಡುದಾರಿಯ ಗಿರಿಗದ್ದೆ ದಾಟಿದ ಮೇಲೆ ಒಂದು ಅಂಗಡಿಯೂ ಇಲ್ಲ.

ಎರಡನೆಯ ಕಾರಣ ಸೆಕೆ. ಹಿಮಾಲಯದಲ್ಲಿ ಉಸಿರು ಕಟ್ಟುತ್ತದೆ, ಇಲ್ಲಿ ಮೈ ಬೇಯುತ್ತದೆ. ಬೆವರು ಆರಿದಾಗ ಮಾತ್ರ ದೇಹ ತಂಪಾಗುತ್ತದೆ. ದೆಹಲಿಯ ಒಣಹವೆಯಲ್ಲಿ ಬೆವರು ಬಂದದ್ದು ಗೊತ್ತಾಗುವ ಮೊದಲೇ ಆರಿಹೋಗುತ್ತದೆ. ಘಟ್ಟದ ಕೆಳಗಿನ ಗಾಳಿಯಲ್ಲಿ ಆಗಲೇ ನೀರಿನಂಶ ತುಂಬಿರುವುದರಿಂದ ಬೆವರು ಆರದೆ ಸುರಿಯುತ್ತದೆ. ನೀರೂ ಉಪ್ಪೂ ಹೋಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ದೆಹಲಿಯ ಚಳಿಯಿಂದ ನೇರವಾಗಿ ಇಲ್ಲಿಗೆ ಬಂದಿಳಿದರೆ ದೇಹ ಈ ಸೆಕೆಗೆ ಸಿದ್ಧವಾಗಿರುವುದಿಲ್ಲ. ಅದು ಪೂರ್ತಿ ಹೊಂದಿಕೊಳ್ಳಲು ಒಂದೆರಡು ವಾರವೇ ಬೇಕು.

ಮೂರನೆಯದು ಹಗಲು. ಬೆಟ್ಟದ ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಅಂದಾಜಿಸಲು ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರ್. ಲೆಕ್ಕ ಹಾಕಿದರೆ ಐದೂಕಾಲು ಗಂಟೆ. ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಸೆಕೆ, ಬೆನ್ನ ಮೇಲಿನ ಭಾರ, ವಿಶ್ರಾಂತಿ ಸೇರಿದರೆ ಎಂಟು ಗಂಟೆ ಎಂದಿಟ್ಟುಕೊಳ್ಳಿ. ಇಳಿಯಲು ಐದಾರು ಗಂಟೆ. ಒಟ್ಟು ಹದಿಮೂರು, ಹದಿನಾಲ್ಕು ಗಂಟೆ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಕಿರುವುದು ಹನ್ನೊಂದೂವರೆ ಗಂಟೆಗೂ ಕಡಿಮೆ. ಮುಂದಿನ ಎಂಟು ಹೆಜ್ಜೆಗಳೆಲ್ಲ ನಿಂತಿರುವುದು ಈ ಮೂರು ಲೆಕ್ಕಗಳ ಮೇಲೆ.

ಯೋಜನೆಯ ಎಂಟು ಹೆಜ್ಜೆಗಳು

1. ಮೊದಲು ತಿಂಗಳನ್ನು ಗೊತ್ತುಮಾಡಿ

ಮಳೆಗಾಲದಲ್ಲಿ ಚಾರಣ ಬಂದ್. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಇರುವುದರಿಂದ ಆಗಲೂ ಮುಚ್ಚುತ್ತಾರೆ. ಉಳಿಯುವುದು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಜನವರಿ. ತೆರೆಯುವ, ಮುಚ್ಚುವ ದಿನಗಳು ಆ ವರ್ಷದ ಮಳೆಯನ್ನು ನೋಡಿ ಬದಲಾಗುತ್ತವೆ.

ಅಕ್ಟೋಬರ್‌ನಲ್ಲಿ ತೊರೆಗಳಲ್ಲಿ ನೀರಿರುತ್ತದೆ, ಹುಲ್ಲು ಹಸಿರಾಗಿರುತ್ತದೆ. ಜೊತೆಗೆ ಇಂಬಳದ ಕಾಟವೂ ಮಧ್ಯಾಹ್ನದ ಗುಡುಗುಮಳೆಯೂ ಇರುತ್ತವೆ. ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿಯಾಗಿರುತ್ತದೆ, ನೀರಿನ ಸೆಲೆಗಳು ಬತ್ತತೊಡಗುತ್ತವೆ. ಉತ್ತರದಲ್ಲಿ ಆಗ ಮಂಜಿನ ಕಾಲ. ದೆಹಲಿಯ ವಿಮಾನ, ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಆದ್ದರಿಂದ ದೆಹಲಿಯಿಂದ ಹೊರಡುವವರಿಗೆ ನವೆಂಬರ್ ಹೆಚ್ಚು ಅನುಕೂಲ. ಡಿಸೆಂಬರ್ ಕೊನೆಯ ಶಾಲಾ ರಜೆಯಲ್ಲೇ ಹೋಗುವುದು ಅನಿವಾರ್ಯವಾದರೆ ದೆಹಲಿ ಬಿಡುವ ದಿನಕ್ಕೂ ಚಾರಣದ ದಿನಕ್ಕೂ ನಡುವೆ ಒಂದು ಪೂರ್ತಿ ದಿನ ಖಾಲಿ ಬಿಡಿ.

ಕುಕ್ಕೆಯ ಪಂಚಾಂಗವನ್ನೂ ನೋಡಿ. ಮಾರ್ಗಶಿರ ಶುದ್ಧ ಷಷ್ಠಿ, ಅಂದರೆ ಚಂಪಾಷಷ್ಠಿಯ ಆಸುಪಾಸಿನಲ್ಲಿ ರಥೋತ್ಸವಕ್ಕೆ ನಾಡೆಲ್ಲ ಅಲ್ಲಿ ಸೇರುತ್ತದೆ. ಆಶ್ಲೇಷಾ ನಕ್ಷತ್ರದ ದಿನ, ಮಂಗಳವಾರ, ಭಾನುವಾರಗಳಲ್ಲೂ ನೂಕುನುಗ್ಗಲು. ರಥ ನೋಡುವುದೇ ಉದ್ದೇಶವಾಗಿದ್ದರೆ ಅದಕ್ಕೇ ಬೇರೆ ಬನ್ನಿ. ಚಾರಣಕ್ಕೆ ವಾರದ ನಡುವಿನ ದಿನಗಳೇ ಒಳ್ಳೆಯವು.

2. ಅನುಮತಿ ಸಿಕ್ಕ ಮೇಲೆಯೇ ಟಿಕೆಟ್

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಒತ್ತೊತ್ತಾಗಿ ನಿಂತ ದೃಶ್ಯ ಎಲ್ಲೆಡೆ ಹರಿದಾಡಿತು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಗಳನ್ನು ಸರ್ಕಾರ ಕೆಲಕಾಲ ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚಿತವಾಗಿ ಟಿಕೆಟ್ ಪಡೆಯಬೇಕು. ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯನ್ನು ಇಲಾಖೆ ಹಾಕಿದೆ. ಪ್ರತಿಯೊಬ್ಬರ ಗುರುತಿನ ಚೀಟಿಯ ವಿವರ ಬೇಕು. ಚೆಕ್‌ಪೋಸ್ಟಿನಲ್ಲಿ ಮೂಲ ಚೀಟಿಯನ್ನೇ ತೋರಿಸಲು ಸಿದ್ಧರಿರಿ.

ಬಹಳ ಮಂದಿ ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಮೊದಲು ಅದನ್ನು ಕೊಳ್ಳುತ್ತಾರೆ, ಆಮೇಲೆ ಚಾರಣದ ಜಾಗ ಹುಡುಕುತ್ತಾರೆ. ಇದನ್ನು ತಿರುವುಮುರುವು ಮಾಡಿ. ಚಾರಣದ ಅನುಮತಿ ಮೊದಲು, ಪ್ರಯಾಣದ ಟಿಕೆಟ್ ನಂತರ, ಕೋಣೆ ಆಮೇಲೆ. ದರ, ಪ್ರವೇಶದ ಸಮಯ, ತಂಗುವ ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

3. ನಿಮ್ಮ ಶಕ್ತಿಗೆ ತಕ್ಕ ಹಾದಿ ಆರಿಸಿ

ಎರಡು ಹಾದಿಗಳಿವೆ.

ಕುಕ್ಕೆಯ ಹಾದಿ: ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ ಕಾಡು ಹೊಗುತ್ತದೆ. ಮೊದಲ ಐದಾರು ಕಿಲೋಮೀಟರ್ ದಟ್ಟ ಕಾಡು. ಮರದ ಬೇರುಗಳೇ ಮೆಟ್ಟಿಲು. ಭೀಮನ ಬಂಡೆ ದಾಟಿ ಮುಂದೆ ಹೋದರೆ ಗಿರಿಗದ್ದೆ. ಅಲ್ಲಿನ ಭಟ್ಟರ ಮನೆ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸುವ ಮನೆಯೆಂದು ದಶಕಗಳಿಂದ ಹೆಸರಾಗಿದೆ. ಅದರ ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿಂದಾಚೆ ಹಾದಿಯ ಚಹರೆಯೇ ಬದಲು. ಮರಗಳು ಹಿಂದೆ ಉಳಿದು ಎದೆಮಟ್ಟದ ಹುಲ್ಲು, ಕಾದ ಕಲ್ಲು, ತಲೆಯ ಮೇಲೆ ನೇರ ಬಿಸಿಲು. ನೆರಳೆಂದರೆ ಕಲ್ಲುಮಂಟಪದ್ದು ಮಾತ್ರ. ಮುಂದೆ ಶೇಷಪರ್ವತದ ಕಡಿದಾದ ಏರು. ಅದನ್ನು ಹತ್ತಿದ ಮೇಲೆ ಒಂದು ಶೋಲಾ ಕಾಡಿಗೆ ಇಳಿದು, ಬಂಡೆ ಹತ್ತಿ, ಶಿಖರದ ಬಯಲನ್ನು ಮುಟ್ಟಬೇಕು.

ಬೀದಹಳ್ಳಿಯ ಹಾದಿ: ಕೊಡಗಿನ ಸೋಮವಾರಪೇಟೆ ಕಡೆಯಿಂದ. ಘಟ್ಟದ ಮೇಲಿನಿಂದಲೇ ಹೊರಡುವುದರಿಂದ ಏರಿಕೆ ಕುಕ್ಕೆಯದರ ಅರ್ಧದಷ್ಟೂ ಇಲ್ಲ, ದೂರ ಆರೇಳು ಕಿಲೋಮೀಟರ್. ಹೆಚ್ಚು ಭಾಗ ನೆರಳಿದೆ. ಕೊನೆಯಲ್ಲಿ ಮಾತ್ರ ವಿಶಾಲವಾದ ಬಂಡೆಗಳನ್ನು ಹತ್ತಬೇಕು. ಒದ್ದೆಯಾದಾಗ ಅವು ಬಹಳ ಜಾರುತ್ತವೆ. ಹತ್ತಿರದಲ್ಲೇ ಕುಮಾರಧಾರೆಯ ಮಲ್ಲಳ್ಳಿ ಜಲಪಾತವಿದೆ.

ಶಿಖರದಲ್ಲಿ ಟೆಂಟ್ ಹಾಕುವುದಕ್ಕೆ ನಿಷೇಧವಿದೆ, ಶಿಖರ ಮುಟ್ಟಿದ ದಿನವೇ ಇಳಿಯಬೇಕು. ಆದ್ದರಿಂದ ಮೊದಲ ಸಲದವರಿಗೆ, ಐವತ್ತು ದಾಟಿದವರಿಗೆ, ಮಕ್ಕಳಿರುವ ಕುಟುಂಬಕ್ಕೆ ಬೀದಹಳ್ಳಿಯಿಂದ ಹತ್ತಿ ಅಲ್ಲಿಗೇ ಇಳಿಯುವುದು ಸರಿಯಾದ ಆಯ್ಕೆ. ಕುಕ್ಕೆಯಿಂದಲೇ ಹತ್ತಬೇಕೆಂಬ ಸಂಕಲ್ಪವಿದ್ದರೆ ಎರಡು ದಿನ ಇಟ್ಟುಕೊಳ್ಳಿ. ಗಿರಿಗದ್ದೆಯಲ್ಲಿ ತಂಗಲು ಆ ದಿನಗಳಲ್ಲಿ ಅನುಮತಿ ಇದೆಯೇ ಎಂದು ಇಲಾಖೆಯವರನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಕುಕ್ಕೆಯಿಂದ ಒಂದೇ ದಿನದಲ್ಲಿ ಹತ್ತಿಳಿಯುವುದು ಚೆನ್ನಾಗಿ ಪಳಗಿದವರಿಗೆ ಮಾತ್ರ.

4. ದೆಹಲಿಯಿಂದ ತಲುಪುವ ಬಗೆ

ವಿಮಾನವಾದರೆ ಮಂಗಳೂರು ಅನುಕೂಲ. ಅಲ್ಲಿಂದ ಕುಕ್ಕೆಗೆ ನೂರು ಕಿಲೋಮೀಟರ್‌ಗಿಂತ ತುಸು ಹೆಚ್ಚು, ಸುಮಾರು ಮೂರು ಗಂಟೆಯ ದಾರಿ. ಬೀದಹಳ್ಳಿಗೆ ಹೋಗುವವರು ಬೆಂಗಳೂರಿನಲ್ಲಿ ಇಳಿಯುವುದು ಮೇಲು.

ರೈಲಾದರೆ ಹಜರತ್ ನಿಜಾಮುದ್ದೀನ್‌ನಿಂದ ಕೊಂಕಣ ಮಾರ್ಗವಾಗಿ ಬರುವ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಮಂಗಳೂರು ಜಂಕ್ಷನ್ ಮುಟ್ಟಿಸುತ್ತದೆ. ಬೆಂಗಳೂರಿಗೆ ರಾಜಧಾನಿಯೂ ಕರ್ನಾಟಕ ಎಕ್ಸ್‌ಪ್ರೆಸ್ಸೂ ಇವೆ. ಒಂದೂವರೆ ದಿನ ರೈಲಿನಲ್ಲೇ ಹೋಗುತ್ತದೆ ಎಂಬುದು ಲೆಕ್ಕದಲ್ಲಿರಲಿ. ಕುಕ್ಕೆಗೆ ಹತ್ತಿರದ ನಿಲ್ದಾಣ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್. ಅಲ್ಲಿಂದ ದೇವಸ್ಥಾನಕ್ಕೆ ಹನ್ನೆರಡು ಕಿಲೋಮೀಟರ್ ಆಸುಪಾಸು.

ಬಂದ ದಿನವೇ ಬೆಟ್ಟ ಹತ್ತಬೇಡಿ. ಒಂದೂವರೆ ದಿನ ಕೂತು ಬಂದ ಕಾಲುಗಳಿಗೆ, ನಿದ್ದೆಗೆಟ್ಟ ದೇಹಕ್ಕೆ, ಸೆಕೆಗೆ ಒಗ್ಗದ ಚರ್ಮಕ್ಕೆ ಒಂದು ದಿನವಾದರೂ ಕೊಡಿ. ಆ ದಿನ ಕುಮಾರಧಾರೆಯಲ್ಲಿ ಸ್ನಾನ ಮಾಡಿ, ದರ್ಶನ ಪಡೆದು, ದೇವಸ್ಥಾನದ ಊಟ ಮಾಡಿ, ಬೇಗ ಮಲಗಿ.

5. ಎಂಟು ವಾರದ ತಯಾರಿ

ದೆಹಲಿಯಲ್ಲಿ ಬೆಟ್ಟವಿಲ್ಲ ಎಂಬ ಕೊರಗು ಬೇಡ. ರಾಮಕೃಷ್ಣಪುರಂನ ಗುಡ್ಡದ ಮೇಲೆ 1973ರಲ್ಲಿ ಪ್ರತಿಷ್ಠೆಗೊಂಡ ಸ್ವಾಮಿನಾಥನ ಮಲೈ ಮಂದಿರ ಇದೆ. ಅದೂ ಸುಬ್ರಹ್ಮಣ್ಯನ ಸನ್ನಿಧಿಯೇ. ದೆಹಲಿ ಕರ್ನಾಟಕ ಸಂಘಕ್ಕೆ ಬಂದುಹೋಗುವವರಿಗೆ ಅದು ಹತ್ತಿರ. ತಯಾರಿಯನ್ನು ಆ ಮೆಟ್ಟಿಲುಗಳಿಂದ ಶುರುಮಾಡಬಹುದು.

ನಿಜವಾದ ಏರಿಕೆ ಸಿಗುವುದು ನಿಮ್ಮದೇ ಅಪಾರ್ಟ್‌ಮೆಂಟಿನಲ್ಲಿ. ಒಂದು ಮಹಡಿ ಎಂದರೆ ಸುಮಾರು ಮೂರು ಮೀಟರ್. ಇಪ್ಪತ್ತು ಮಹಡಿಯ ಕಟ್ಟಡವನ್ನು ಹತ್ತು ಸಲ ಹತ್ತಿದರೆ 600 ಮೀಟರ್.

- ಮೊದಲ ಎರಡು ವಾರ: ವಾರಕ್ಕೆ ಮೂರು ದಿನ, ದಿನಕ್ಕೆ 40ರಿಂದ 60 ಮಹಡಿ. ಭಾರ ಬೇಡ.
- ಮೂರರಿಂದ ಐದನೇ ವಾರ: 80ರಿಂದ 120 ಮಹಡಿ. ಚೀಲದಲ್ಲಿ ನಾಲ್ಕು ಲೀಟರ್ ನೀರು ಇರಲಿ. ಸಾಕೆನಿಸಿದಾಗ ಚೆಲ್ಲಿ ಹಗುರ ಮಾಡಿಕೊಳ್ಳಬಹುದು.
- ಆರು, ಏಳನೇ ವಾರ: ವಾರದಲ್ಲಿ ಒಂದು ದಿನ 200 ಮಹಡಿ. ರಜೆಯ ದಿನ ಅರಾವಳಿಯ ಹಾದಿಯಲ್ಲಿ ಮೂರು, ನಾಲ್ಕು ಗಂಟೆಯ ನಡಿಗೆ. ಸಂಜಯ ವನ, ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನ ಇದಕ್ಕೆ ಸಾಕು.
- ಎಂಟನೇ ವಾರ: ಹಗುರ ನಡಿಗೆ, ಚೆನ್ನಾಗಿ ನಿದ್ದೆ.

ಇಳಿಯುವಾಗ ಲಿಫ್ಟ್ ಹಿಡಿಯಬೇಡಿ. ಏರುವಾಗ ತೊಡೆಯ ಸ್ನಾಯು ಕುಗ್ಗುತ್ತಾ ದುಡಿಯುತ್ತದೆ. ಇಳಿಯುವಾಗ ಹಿಗ್ಗುತ್ತಾ ಭಾರ ತಡೆಯುತ್ತದೆ. ಮಾರನೆಯ ದಿನ ಮೆಟ್ಟಿಲಿಳಿಯಲಾಗದಂತೆ ಕಾಲು ಹಿಡಿದುಕೊಳ್ಳುವುದು ಈ ಎರಡನೆಯ ಕೆಲಸದಿಂದ. ಮೊದಲೇ ನಾಲ್ಕಾರು ಸಲ ಇಳಿದು ರೂಢಿಯಾದ ಸ್ನಾಯುವಿಗೆ ಆ ನೋವು ಬಹಳ ಕಡಿಮೆ. ಮಂಡಿನೋವು ಇದ್ದವರು ನಿಧಾನವಾಗಿ ಶುರುಮಾಡಿ, ವೈದ್ಯರನ್ನು ಕೇಳಿ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ತಯಾರಿಗೂ ಮುಂಚೆಯೇ ತಪಾಸಣೆ ಮಾಡಿಸಿಕೊಳ್ಳಿ.

ನಿಮ್ಮ ತಯಾರಿಯ ತಿಂಗಳುಗಳು ದೆಹಲಿಯ ಹೊಗೆಯ ತಿಂಗಳುಗಳೂ ಹೌದು. ವಾಯು ಗುಣಮಟ್ಟ ಸೂಚ್ಯಂಕ 300 ದಾಟಿದ ದಿನ ಹೊರಗಿನ ಓಟ, ನಡಿಗೆ ಬೇಡ. ಆ ದಿನ ಒಳಗಿನ ಮೆಟ್ಟಿಲುಗಳಲ್ಲೂ ಸುತ್ತು ಕಡಿಮೆ ಮಾಡಿ.

6. ನೀರು, ಉಪ್ಪು, ಊಟ

ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಎಂದು ಲೆಕ್ಕ ಹಿಡಿಯಿರಿ. ಗಿರಿಗದ್ದೆಯಲ್ಲಿ ತುಂಬಿಸಿಕೊಳ್ಳಬಹುದು. ಅದರಾಚೆ ಕಲ್ಲುಮಂಟಪದ ಬಳಿ ತೊರೆ ಇದ್ದರೂ ಕಾಲ ಕಳೆದಂತೆ ಅದು ಬತ್ತುತ್ತದೆ. ಅದನ್ನು ನಂಬಿ ಹೊರಡಬೇಡಿ. ತೊರೆಯ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ, ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಕುಡಿಯಿರಿ.

ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೂ ಅಪಾಯವಿದೆ. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ, ಅದರ ಮೇಲೆ ನೀರು ಸುರಿದರೆ ರಕ್ತದಲ್ಲಿ ಉಳಿದ ಉಪ್ಪೂ ತೆಳುವಾಗುತ್ತದೆ. ತಲೆನೋವು, ಓಕರಿಕೆ, ಗೊಂದಲ ಶುರುವಾಗುತ್ತವೆ. ನಾಲ್ಕರಲ್ಲಿ ಒಂದೆರಡು ಲೀಟರ್ ಓಆರ್‌ಎಸ್ ಆಗಿರಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಚಮಚ ಉಪ್ಪು ಬೆರೆಸಿ. ರುಚಿ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಬಾರದು.

ಊಟಕ್ಕೆ ಚಪಾತಿ, ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಖರ್ಜೂರ, ಕಡಲೆಬೀಜದ ಚಿಕ್ಕಿ ಸಾಕು. ಹಸಿವಾಗುವವರೆಗೆ ಕಾಯದೆ ಗಂಟೆಗೊಮ್ಮೆ ಎರಡು ತುತ್ತು ತಿನ್ನಿ. ಹೊಟ್ಟೆ ಬಿರಿಯೆ ಉಂಡು ಏರು ಹತ್ತಲಾಗದು.

7. ಚೀಲದಲ್ಲಿ ಏನಿರಬೇಕು

- ಹಿಡಿತ ಚೆನ್ನಾಗಿರುವ ಹಗುರ ಶೂ. ಹಿಮಕ್ಕೆಂದು ಕೊಂಡ ಭಾರದ ಬೂಟು ಇಲ್ಲಿ ಕಾಲನ್ನು ಬೇಯಿಸುತ್ತದೆ. ಹೊಸ ಶೂ ಆದರೆ ದೆಹಲಿಯಲ್ಲೇ ಕೆಲವು ವಾರ ಹಾಕಿ ಪಳಗಿಸಿ.
- ಬೇಗ ಒಣಗುವ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು. ಹತ್ತಿ ಬಟ್ಟೆ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಚರ್ಮ ಉಜ್ಜುತ್ತದೆ. ಹುಲ್ಲಿನ ಅಲಗು, ಬಿಸಿಲು, ಹುಳು ಮೂರಕ್ಕೂ ತುಂಬುತೋಳೇ ರಕ್ಷೆ.
- ಅಂಚಿರುವ ಟೋಪಿ, ಮಳೆಯಂಗಿ, ತೆಳು ಜಾಕೆಟ್. ಶಿಖರದಲ್ಲಿ ಗಾಳಿ ಜೋರು.
- ಹಣೆಗೆ ಕಟ್ಟುವ ಟಾರ್ಚ್, ಸೀಟಿ, ಇಂಬಳದ ಕಾಲುಚೀಲ, ಗಾಯಕ್ಕೆ ಪಟ್ಟಿ, ನಿಮ್ಮ ಔಷಧಿಗಳು.
- ಊರುಗೋಲು. ವಿಮಾನದಲ್ಲಿ ಇದನ್ನು ಚೆಕ್-ಇನ್ ಚೀಲದಲ್ಲಿ ಹಾಕಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಗ್ಯಾಸ್ ಕ್ಯಾನ್ ವಿಮಾನಕ್ಕೂ ಸಲ್ಲದು, ಕಾಡಿಗೂ ಸಲ್ಲದು.

8. ಹಿಂತಿರುಗುವ ಹೊತ್ತನ್ನು ಮೊದಲೇ ಗೊತ್ತುಮಾಡಿ

ಗಿರಿಗದ್ದೆಯಿಂದ ಹೊರಡುವವರ ದಿನ ಹೀಗಿರಲಿ: ಬೆಳಕು ಹರಿದು ಚೆಕ್‌ಪೋಸ್ಟ್ ತೆರೆದ ಕೂಡಲೇ ಹೊರಡಿ. ಹನ್ನೊಂದರೊಳಗೆ ಶೇಷಪರ್ವತ. ಹನ್ನೆರಡಕ್ಕೆ ಎಲ್ಲೇ ಇದ್ದರೂ ಹಿಂತಿರುಗಿ. ಮೂರಕ್ಕೆ ಗಿರಿಗದ್ದೆ, ಆರರೊಳಗೆ ಕುಕ್ಕೆ. ಹನ್ನೆರಡರ ಗಡುವನ್ನು ಒಂದಕ್ಕೆ ದೂಡಿದರೆ ಕೊನೆಯ ಕಾಡನ್ನು ಕತ್ತಲಲ್ಲಿ ಇಳಿಯಬೇಕಾಗುತ್ತದೆ. ಆನೆಗಳು ಓಡಾಡುವ ಕಾಡು ಅದು. ಈ ಗಡುವನ್ನು ಕೆಳಗಿರುವಾಗಲೇ ತಂಡದ ಎಲ್ಲರೂ ಒಪ್ಪಿಕೊಳ್ಳಬೇಕು. ದಣಿದ ತಲೆ ಶಿಖರದ ಹತ್ತಿರ ಸರಿಯಾದ ತೀರ್ಮಾನ ಮಾಡುವುದಿಲ್ಲ. ತಂಡದ ನಡಿಗೆಯ ವೇಗ ಎಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ವೇಗ.

ಕ್ಷೇತ್ರದ ಮರ್ಯಾದೆ

ಇದು ಪೂಜೆಗೊಳ್ಳುವ ಬೆಟ್ಟ. ಶಿಖರದ ಗುಡಿಯ ಬಳಿ ಚಪ್ಪಲಿ, ಶೂ ಕಳಚಿಡಿ. ಗುಡಿಯ ಕಲ್ಲುಗಳನ್ನೇರಿ ಫೋಟೊ ತೆಗೆಸಿಕೊಳ್ಳಬೇಡಿ. ಭಕ್ತಿಯಿಂದಲೇ ಆದರೂ ಅಲ್ಲಿ ಕರ್ಪೂರ, ಊದುಬತ್ತಿ ಹಚ್ಚಬೇಡಿ. ಒಣಹುಲ್ಲಿಗೆ ಒಂದು ಕಿಡಿ ಹಾರಿದರೆ ಗಾಳಿಗೆ ಇಡೀ ಮೈದಾನ ಹೊತ್ತಿಕೊಳ್ಳುತ್ತದೆ. ಆರತಿ ಮಾಡುವ ಆಸೆಯನ್ನು ಕೆಳಗೆ ದೇವಸ್ಥಾನದಲ್ಲಿ ತೀರಿಸಿಕೊಳ್ಳಿ.

ಕುಮಾರಧಾರೆಯಲ್ಲಿ ಆರು ಮುಖದ ಕಲ್ಲುಗಳನ್ನು ಕುಮಾರಲಿಂಗವೆಂದು ಪೂಜಿಸುತ್ತಾರೆ. ಬೆಟ್ಟದಿಂದ, ಹೊಳೆಯಿಂದ ಕಲ್ಲು ಹೊತ್ತು ತರಬೇಡಿ. ಮದ್ಯ, ಮಾಂಸ, ಜೋರು ಸಂಗೀತ, ಡ್ರೋನ್ ಯಾವುದೂ ಬೇಡ. ಹಣ್ಣಿನ ಸಿಪ್ಪೆಯನ್ನೂ ಸೇರಿಸಿ ತಂದದ್ದನ್ನೆಲ್ಲ ವಾಪಸ್ ಒಯ್ಯಿರಿ. ಕುಕ್ಕೆ ದೇವಸ್ಥಾನದೊಳಗೆ ಗಂಡಸರು ಅಂಗಿ ತೆಗೆದು ಹೋಗುವ ಪದ್ಧತಿ ಇದೆ. ಪಂಚೆ, ಸೀರೆ, ಚೂಡಿದಾರ್‌ಗಳನ್ನು ಚಾರಣದ ಚೀಲದಿಂದ ಬೇರೆಯಾಗಿಯೇ ಇಟ್ಟುಕೊಳ್ಳಿ.

ಎಚ್ಚರಿಕೆಗಳು

*ಇಂಬಳ:* ಕಾಲುಚೀಲದ ನೇಯ್ಗೆಯ ಮೇಲೆ ದಾರದಂತೆ ತೆಳ್ಳಗೆ ತಲೆಯೆತ್ತಿ ಅತ್ತಿತ್ತ ತಡಕುತ್ತದೆ. ನೋಡುತ್ತಿದ್ದಂತೆ ಮಡಿಕೆಯೊಳಗೆ ನುಸುಳಿಬಿಡುತ್ತದೆ. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಕಿತ್ತೆಳೆಯಬೇಡಿ. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಕೆಳಗೆ ಮೆಲ್ಲಗೆ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ದ್ರವ ಸೇರಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಗಾಬರಿ ಬೇಡ. ತೊಳೆದು ಒತ್ತಿ ಹಿಡಿಯಿರಿ.

*ಉಣ್ಣೆ ಮತ್ತು ಜ್ವರ:* 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಪಶ್ಚಿಮಘಟ್ಟದ ಹಲವು ಕಡೆ ಹಬ್ಬಿದೆ. ಅದನ್ನು ಹರಡುವುದು ಉಣ್ಣೆ. ಎಲೆರಾಶಿಯ ಮೇಲೆ ಕೂರಬೇಡಿ, ಸಂಜೆ ಮೈಯೆಲ್ಲ ಪರೀಕ್ಷಿಸಿ ಬಿಸಿನೀರಿನಲ್ಲಿ ಸ್ನಾನ ಮಾಡಿ. ದೆಹಲಿಗೆ ಮರಳಿದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಕರ್ನಾಟಕದ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ. ಡೆಂಗಿಯಷ್ಟನ್ನೇ ಪರೀಕ್ಷಿಸಿ ದಿನ ಕಳೆದುಹೋಗದಿರಲು ಈ ಒಂದು ಮಾತು ಮುಖ್ಯ.

*ಸಿಡಿಲು:* ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನ ಮೋಡ ಕವಿದರೆ ಬಯಲು ಹುಲ್ಲುಗಾವಲಿನಿಂದ ಕೂಡಲೇ ಇಳಿಯಿರಿ. ಒಂಟಿಮರದ ಕೆಳಗೆ ನಿಲ್ಲಬೇಡಿ.

*ಹಾವು:* ಕಚ್ಚಿದ ಜಾಗವನ್ನು ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಾಲನ್ನು ಅಲ್ಲಾಡಿಸದಂತೆ ಇಟ್ಟು, ಹೊತ್ತು ಇಳಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ. ಸುಳ್ಯದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

*ಸೆಕೆಯ ಹೊಡೆತ:* ಯಾರಾದರೂ ತೊದಲಿದರೆ, ತೂರಾಡಿದರೆ, ಹೇಳಿದ್ದು ಅರ್ಥವಾಗದಂತೆ ನೋಡಿದರೆ ಅದು ಬರೀ ದಣಿವಲ್ಲ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಅವರು ಮತ್ತೆ ಏರುವ ಮಾತಿಲ್ಲ. ತುರ್ತು ಸಂಖ್ಯೆ 112. ಮೇಲೆ ಮೊಬೈಲ್ ಸಂಪರ್ಕ ನಂಬುವಂತಿಲ್ಲ, ಆದ್ದರಿಂದ ಯಾವ ಹೊತ್ತಿಗೆ ಇಳಿಯುತ್ತೀರೆಂದು ಕೆಳಗಿನವರಿಗೆ ತಿಳಿಸಿಯೇ ಹೋಗಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ಹಿಮಾಲಯದ ಅನುಭವವೇ ಸಾಕೆಂದು ನಂಬುವುದು. ಚಳಿಯಲ್ಲಿ ಪಳಗಿದ ದೇಹಕ್ಕೆ ಸೆಕೆ ಹೊಸದು.
2. ನಾಲ್ಕು ದಿನದ ರಜೆಯಲ್ಲಿ ಪ್ರಯಾಣ, ಸೇವೆ, ಚಾರಣ, ನೆಂಟರ ಮನೆ ಎಲ್ಲವನ್ನೂ ತುರುಕುವುದು. ಸರ್ಪಸಂಸ್ಕಾರದಂತಹ ಸೇವೆಗಳಿಗೆ ಅವುಗಳದೇ ದಿನ, ಅವುಗಳದೇ ನಿಯಮ ಇವೆ. ಚಾರಣದ ಜೊತೆ ಬೆರೆಸಬೇಡಿ.
3. ಹರಕೆಯೆಂದು ಉಪವಾಸದಲ್ಲಿ ಹತ್ತುವುದು. ಹದಿಮೂರು ಗಂಟೆಯ ದುಡಿಮೆಗೆ ಅನ್ನ ಬೇಕು. ಉಪವಾಸವನ್ನು ಬೇರೆ ದಿನಕ್ಕೆ ಇಡಿ.
4. ಅನುಮತಿಯಿಲ್ಲದ ಅಡ್ಡದಾರಿ ತೋರಿಸುತ್ತೇನೆ ಎನ್ನುವವರ ಹಿಂದೆ ಹೋಗುವುದು. ದಾರಿ ತಪ್ಪಿದರೆ ನೀವು ಒಳಗಿದ್ದೀರಿ ಎಂಬುದೇ ಯಾರಿಗೂ ತಿಳಿದಿರುವುದಿಲ್ಲ.
5. ಬೆಳಗಿನ ತಂಪಿನಲ್ಲಿ ಕಡಿಮೆ ನೀರು ಕುಡಿದು ಉಳಿಸಿಕೊಳ್ಳುವುದು. ಹುಲ್ಲುಗಾವಲಿನ ಬಿಸಿಲಿಗೆ ಬರುವಷ್ಟರಲ್ಲಿ ದೇಹ ಆಗಲೇ ಬತ್ತಿರುತ್ತದೆ.
6. ಇಳಿಯುವಾಗ ಓಡುವುದು. ಉಳುಕುವುದು ಹೆಚ್ಚಾಗಿ ಕೊನೆಯ ಕಾಡಿನ ಬೇರುಗಳ ನಡುವೆ, ಕಾಲು ಸೋತಾಗ.

ಅರ್ಧಕ್ಕೇ ಹಿಂತಿರುಗಬೇಕಾಗಿ ಬಂದರೆ

ಇಷ್ಟು ದೂರದಿಂದ ಬಂದು ಶಿಖರ ಮುಟ್ಟದೆ ಹೋಗುವುದೇ ಎಂಬ ಸಂಕಟ ದೆಹಲಿಯವರಿಗೆ ಉಳಿದವರಿಗಿಂತ ಹೆಚ್ಚು. ಆ ಸಂಕಟದಲ್ಲೇ ಹನ್ನೆರಡರ ಗಡುವನ್ನು ಮೀರುತ್ತಾರೆ. ಹರಕೆ ಹೊತ್ತವರು ಇದನ್ನು ನೆನಪಿಟ್ಟುಕೊಳ್ಳಿ: ಮೇಲೆ ಪಾದವಾಗಿ ಪೂಜೆಗೊಳ್ಳುವ ಸ್ವಾಮಿಯೇ ಕೆಳಗೆ ಗರ್ಭಗುಡಿಯಲ್ಲೂ ಇದ್ದಾನೆ. ಕುಮಾರಧಾರೆಯಲ್ಲಿ ಮಿಂದು ಅವನ ದರ್ಶನ ಮಾಡಿದವರ ಯಾತ್ರೆ ಅಪೂರ್ಣವಲ್ಲ. ಮನೆಯವರೆಲ್ಲ ಸುರಕ್ಷಿತವಾಗಿ 112ರ ನೆರವಿಲ್ಲದೆ ಇಳಿದು ಬಂದರೆ ಆ ಚಾರಣ ಚೆನ್ನಾಗಿ ನಡೆಯಿತೆಂದೇ ಅರ್ಥ.

ಈ ವರ್ಷವೇ ಹೋಗುವುದೆಂದು ಮನಸ್ಸು ಮಾಡಿದ್ದರೆ ಇವತ್ತು ಮಾಡಬೇಕಾದ ಕೆಲಸ ಎರಡೇ. ಪಂಚಾಂಗ ತೆಗೆದು ಚಂಪಾಷಷ್ಠಿಯಿಂದ ದೂರವಿರುವ ಒಂದು ವಾರವನ್ನು ಗುರುತು ಹಾಕಿ, ಆ ವಾರದ ಚಾರಣದ ಬುಕಿಂಗ್ ಯಾವಾಗ ತೆರೆಯುತ್ತದೆಂದು ನೋಡಿಕೊಳ್ಳಿ. ಸಂಜೆ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಿರಿ.